ಬಿ-ಕಾಂಪ್ಲೆಕ್ಸ್ ಮಾತ್ರೆಯಲ್ಲಿ ಏನೇನಿದೆ? ಕ್ಯಾಪಿಲರಿ ಎಲೆಕ್ಟ್ರೋಫೋರೆಸಿಸ್ ಪತ್ತೆ ಹಚ್ಚುವುದು ಹೇಗೆ

[ತೆರೆಯ ಮೇಲೆ: ಮಾತ್ರೆ ಸ್ಟ್ರಿಪ್‌ನ ಹಿಂಬದಿ]

ನಮಸ್ಕಾರ. ಬಿ1, ಬಿ2, ನಿಕೋಟಿನಮೈಡ್, ಬಿ6, ಫೋಲಿಕ್ ಆಸಿಡ್, ಬಿ12. ಇಷ್ಟೂ ಒಂದೇ ಮಾತ್ರೆಯಲ್ಲಿ ಇವೆ ಅಂತ ಸ್ಟ್ರಿಪ್ ಹೇಳುತ್ತದೆ. ನಿಜವಾಗಿಯೂ ಇವೆಯಾ, ಬರೆದಷ್ಟೇ ಇವೆಯಾ ಅಂತ ನೋಡಬೇಕಾದರೆ ಮೊದಲು ಇವನ್ನು ಒಂದರಿಂದ ಒಂದು ಬಿಡಿಸಬೇಕು. ಹೆಚ್ಚಿನ ಲ್ಯಾಬ್‌ಗಳು ಇದಕ್ಕೆ ಎಚ್‌ಪಿಎಲ್‌ಸಿ, ಅಂದರೆ ಹೆಚ್ಚಿನ ಒತ್ತಡದಲ್ಲಿ ದ್ರವ ಹಾಯಿಸಿ ಬಿಡಿಸುವ ವಿಧಾನ ಬಳಸುತ್ತವೆ. ಇನ್ನೊಂದು ದಾರಿ ಕ್ಯಾಪಿಲರಿ ಎಲೆಕ್ಟ್ರೋಫೋರೆಸಿಸ್, ಅಂದರೆ ಕೂದಲಿನಂಥ ಕೊಳವೆಯಲ್ಲಿ ವಿದ್ಯುತ್ ಹಾಯಿಸಿ ಬಿಡಿಸುವುದು.

[ತೆರೆಯ ಮೇಲೆ: ಕೊಳವೆಯ ಕ್ಲೋಸ್‌ಅಪ್]

ಈ ಕೊಳವೆ ನೋಡಿ. ಶುದ್ಧ ಸಿಲಿಕಾದ್ದು. ಉದ್ದ ಅರ್ಧ ಮೀಟರ್. ಒಳಗಿನ ತೂತು 50 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ 20ನೇ ಒಂದು ಭಾಗ. ಪೂರ್ತಿ ತುಂಬಿಸಿದರೂ ಹಿಡಿಯುವುದು ಸುಮಾರು 1 ಮೈಕ್ರೋಲೀಟರ್. ಹೊರಗೆ ಕಂದು ಬಣ್ಣದ ಪಾಲಿಇಮೈಡ್ ಲೇಪ ಇದೆ. ಅದು ಇಲ್ಲದಿದ್ದರೆ ಕೊಳವೆ ಸ್ವಲ್ಪ ಬಾಗಿಸಿದರೂ ಮುರಿಯುತ್ತದೆ. ಒಂದು ಕಡೆ ಮಾತ್ರ ಕೆಲವು ಮಿಲಿಮೀಟರ್ ಲೇಪ ಸುಟ್ಟು ತೆಗೆದು ಕಿಟಕಿ ಮಾಡುತ್ತಾರೆ. ಯುವಿ ಬೆಳಕು ಹಾಯುವುದು ಅಲ್ಲಿಂದಲೇ. ವಿಟಮಿನ್ ಅಲ್ಲಿ ಹಾದುಹೋಗುವಾಗ ಆ ಬೆಳಕು ಹೀರುತ್ತದೆ, ಅದು ಗ್ರಾಫ್‌ನಲ್ಲಿ ಒಂದು ಏರಿಕೆಯಾಗಿ, ಅಂದರೆ ಪೀಕ್ ಆಗಿ ಕಾಣುತ್ತದೆ.

ಎರಡೂ ತುದಿ ಬಫರ್‌ನಲ್ಲಿ, ಅಂದರೆ ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣದಲ್ಲಿ ಮುಳುಗಿಸಿ 20 ಕಿಲೋವೋಲ್ಟ್ ಕೊಡುತ್ತಾರೆ. ತೂತು ಇಷ್ಟು ಸಣ್ಣದಾದ್ದರಿಂದ ಒಳಗೆ ಹುಟ್ಟಿದ ಬಿಸಿ ಬೇಗ ಹೊರಗೆ ಹೋಗುತ್ತದೆ. 1981ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಜೋರ್ಗೆನ್ಸನ್ ಮತ್ತು ಲುಕಾಕ್ಸ್ 75 ಮೈಕ್ರೋಮೀಟರ್ ಕೊಳವೆಗಳಲ್ಲಿ ಇದನ್ನೇ ಮಾಡಿ ತೋರಿಸಿದರು.

[ತೆರೆಯ ಮೇಲೆ: ಅನಿಮೇಷನ್, ಬಫರ್ ಪಿಎಚ್ 9]

ಪಿಎಚ್ 9ರ ಬೋರೇಟ್ ಬಫರ್‌ನಲ್ಲಿ ಕೊಳವೆಯ ಗೋಡೆಗೆ ಋಣ ಚಾರ್ಜ್ ಬರುತ್ತದೆ. ಗೋಡೆಯ ಪಕ್ಕ ಧನ ಅಯಾನುಗಳು ಸೇರಿ, ಒಳಗಿನ ದ್ರವವನ್ನೆಲ್ಲ ಋಣ ತುದಿಯ ಕಡೆಗೆ ಎಳೆಯುತ್ತವೆ. ಧನ ಚಾರ್ಜ್ ಇರುವ ಬಿ1 ಎಲ್ಲರಿಗಿಂತ ಮೊದಲು ಕಿಟಕಿ ತಲುಪುತ್ತದೆ. ಫೋಲಿಕ್ ಆಸಿಡ್‌ನಂಥ ಋಣ ಚಾರ್ಜಿನವು ಹಿಂದಕ್ಕೆ ಹೋಗಲು ನೋಡುತ್ತವೆ. ಆದರೆ ತುಂಬಿದ ಹೊಳೆಯಲ್ಲಿ ಎದುರು ಈಜುವವನೂ ಕೆಳಕ್ಕೇ ಸಾಗುತ್ತಾನಲ್ವಾ, ಹಾಗೆ ಇವೂ ತಡವಾಗಿ ಬಂದು ಸೇರುತ್ತವೆ.

ತೊಂದರೆ ಇರುವುದು ಚಾರ್ಜ್ ಇಲ್ಲದವುಗಳಲ್ಲಿ. ನಿಕೋಟಿನಮೈಡ್, ಬಿ12 ಎರಡೂ ಒಟ್ಟಿಗೇ ಬರುತ್ತವೆ. ಬಿ2 ಕೂಡ ಅವಕ್ಕೆ ಅಂಟಿಕೊಂಡ ಹಾಗೆಯೇ. ಇದಕ್ಕೆ 1984ರಲ್ಲಿ ಜಪಾನಿನ ಶಿಗೆರು ತೆರಾಬೆ ತಂಡ ಒಂದು ಚಂದದ ಉಪಾಯ ಮಾಡಿತು. ಬಫರ್‌ಗೆ ಎಸ್‌ಡಿಎಸ್ ಎಂಬ ಡಿಟರ್ಜೆಂಟ್ ಬೆರೆಸಿದರು. ಅದರ ಅಣುಗಳು ಗುಂಪುಗೂಡಿ ಋಣ ಚಾರ್ಜಿನ ಸಣ್ಣ ಸಣ್ಣ ಉಂಡೆಗಳಾಗುತ್ತವೆ. ಅವುಗಳೇ ಮೈಸೆಲ್. ಯಾವ ವಿಟಮಿನ್ ಮೈಸೆಲ್‌ನೊಳಗೆ ಎಷ್ಟು ಹೊತ್ತು ಕಳೆಯುತ್ತದೋ ಅಷ್ಟು ತಡ. ವಿಶೇಷ ಏನೆಂದರೆ, ಮೊದಲು ಓಡಿ ಬರುತ್ತಿದ್ದ ಬಿ1 ಈಗ ತನ್ನ ಧನ ಚಾರ್ಜಿನಿಂದಲೇ ಮೈಸೆಲ್‌ಗೆ ಅಂಟಿಕೊಂಡು ಹಿಂದೆ ಬೀಳುತ್ತದೆ.

[ತೆರೆಯ ಮೇಲೆ: ಮಾತ್ರೆ ಅರೆಯುವ ದೃಶ್ಯ, ಕಂದು ಗಾಜಿನ ಫ್ಲಾಸ್ಕ್]

ನನ್ನ ಪ್ರಕಾರ ನಿಜವಾದ ಕಷ್ಟ ಯಂತ್ರದ್ದಲ್ಲ, ಮಾತ್ರೆ ಕರಗಿಸುವುದರದ್ದು. ಬಿ1ಗೆ ಕ್ಷಾರ ಆಗುವುದಿಲ್ಲ, ಕೆಡುತ್ತಾ ಹೋಗುತ್ತದೆ. ಫೋಲಿಕ್ ಆಸಿಡ್‌ಗೆ ಕ್ಷಾರವೇ ಬೇಕು, ಬರೀ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಬಿ2 ಬೆಳಕಿಗೆ ಒಡೆಯುತ್ತದೆ, ಕ್ಷಾರದಲ್ಲಂತೂ ಇನ್ನೂ ಬೇಗ. ಒಂದೇ ಫ್ಲಾಸ್ಕ್‌ನಲ್ಲಿ ಎಲ್ಲವನ್ನೂ ಮುಗಿಸುವ ಆಸೆ ಬಿಡಿ. ಪುಡಿಯನ್ನು ಎರಡು ಪಾಲು ಮಾಡಿ. ಒಂದನ್ನು ದುರ್ಬಲ ಆಮ್ಲದಲ್ಲಿ, ಇನ್ನೊಂದನ್ನು ದುರ್ಬಲ ಕ್ಷಾರದಲ್ಲಿ ಕರಗಿಸಿ. ಕಂದು ಗಾಜು ಬಳಸಿ. ಸೋಸಿದ ಮೇಲೆ ಜಾಸ್ತಿ ಹೊತ್ತು ಇಡದೆ ಇಂಜೆಕ್ಟ್ ಮಾಡಿ.

ಇಂಜೆಕ್ಟ್ ಆಗುವುದು ಕೆಲವೇ ನ್ಯಾನೋಲೀಟರ್. ಬಫರ್ ಖರ್ಚೂ ಕೆಲವು ಮಿಲಿಲೀಟರ್ ಮಾತ್ರ, ಎಚ್‌ಪಿಎಲ್‌ಸಿಯಂತೆ ಅಸಿಟೋನೈಟ್ರೈಲ್ ಎಂಬ ದ್ರಾವಕ ಸುರಿಯಬೇಕಿಲ್ಲ. ಈ ಕಾರಣಕ್ಕೇ ನನಗೆ ಈ ವಿಧಾನ ತುಂಬಾ ಇಷ್ಟ. ಆದರೆ ಪೀಕ್ ಬರುವ ಸಮಯ ಸ್ವಲ್ಪ ಆಚೀಚೆ ಆಗುತ್ತಿರುತ್ತದೆ. ಪ್ರತಿ ರನ್ ನಡುವೆ ಸೋಡಿಯಂ ಹೈಡ್ರಾಕ್ಸೈಡ್, ನೀರು, ಬಫರ್ ಹಾಯಿಸಿ ಕೊಳವೆ ತೊಳೆಯಬೇಕು. ಮಾತ್ರೆಯಲ್ಲಿ ಇಲ್ಲದ ಒಂದು ವಸ್ತುವನ್ನು ಗೊತ್ತಿರುವ ಪ್ರಮಾಣದಲ್ಲಿ, ಹೋಲಿಕೆಗೆಂದು ಇಂಟರ್ನಲ್ ಸ್ಟ್ಯಾಂಡರ್ಡ್ ಆಗಿ ಬೆರೆಸಿದರೆ ಲೆಕ್ಕ ನಂಬಬಹುದು.

[ತೆರೆಯ ಮೇಲೆ: ಪೀಕ್‌ಗಳ ಚಿತ್ರ]

ಇನ್ನು ಬಿ12. ನಿಕೋಟಿನಮೈಡ್ ಮಿಲಿಗ್ರಾಂಗಳಲ್ಲಿದ್ದರೆ ಇದು ಮೈಕ್ರೋಗ್ರಾಂಗಳಲ್ಲಿ. ಬೆಳಕು ಹಾಯುವ ದಾರಿ ಬರೀ 50 ಮೈಕ್ರೋಮೀಟರ್, ಹಾಗಾಗಿ ಅಷ್ಟು ಕಡಿಮೆ ಬಿ12 ಸಾಮಾನ್ಯ ಯುವಿಗೆ ಸಿಗುವುದು ಕಷ್ಟ. ಪೀಕ್ ಕಾಣಲಿಲ್ಲ ಅಂತ ಮಾತ್ರೆಯಲ್ಲಿ ಬಿ12 ಇಲ್ಲ ಅಂತ ರಿಪೋರ್ಟ್ ಬರೆಯಬೇಡಿ. ಸ್ಯಾಂಪಲ್ಲನ್ನು ಮೊದಲು ಸಾಂದ್ರಗೊಳಿಸಿ ನೋಡಿ, ಇಲ್ಲವೇ ಬಿ12 ಒಂದನ್ನು ಅಣುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕಳಿಸಿ.