ಬೆಂಡಿನ ರಾಶಿಗೆ ಬೆಂಕಿ ಹಚ್ಚುವ ಮೊದಲು

ನಮಸ್ಕಾರ. ಮೆಕ್ಕೆಜೋಳದ ಒಕ್ಕಣೆ ಮುಗಿದ ಮೇಲೆ ದಾವಣಗೆರೆ ಸೀಮೆಯ ಯಾವುದೇ ಕಣಕ್ಕೆ ಹೋಗಿ ನೋಡಿ. ಕಾಳು ಚೀಲ ಸೇರಿ, ಚೀಲ ಟ್ರ್ಯಾಕ್ಟರ್ ಏರಿ ಹೋಗಿರುತ್ತದೆ. ಕಾಳು ಬಿಡಿಸಿದ ತೆನೆಯ ಬೆಂಡು ಮಾತ್ರ ಆಳೆತ್ತರದ ರಾಶಿಯಾಗಿ ಅಲ್ಲೇ ಬಿದ್ದಿರುತ್ತದೆ. ಒಂದಿಷ್ಟು ನೀರೊಲೆಗೆ ಹೋಗುತ್ತದೆ, ಮಿಕ್ಕಿದ್ದಕ್ಕೆ ಕಡ್ಡಿ ಗೀರುತ್ತೇವೆ. ಚನ್ನಗಿರಿ ಕಡೆ ಅಡಿಕೆ ಸಿಪ್ಪೆಯದೂ ಇದೇ ಪಾಡು, ರಸ್ತೆ ಬದಿಯಲ್ಲಿ ದಿನಗಟ್ಟಲೆ ಹೊಗೆಯಾಡುತ್ತಿರುತ್ತದೆ.

ನಾವು ಸುಡುತ್ತಿರುವುದು ಎಷ್ಟು ಎಂಬ ಲೆಕ್ಕ ಕೇಳಿ. ನೂರು ಕಿಲೋ ಕಾಳಿಗೆ ಸುಮಾರು 20 ಕಿಲೋ ಬೆಂಡು. ಎಕರೆಗೆ 20 ಕ್ವಿಂಟಲ್ ಬೆಳೆದರೆ 400 ಕಿಲೋ. ಒಣಗಿದ ಬೆಂಡು ಒಂದೂಕಾಲು, ಒಂದೂವರೆ ಕಿಲೋ ಇದ್ದರೆ ಗ್ಯಾಸಿಫೈಯರ್‌ನಲ್ಲಿ, ಅಂದರೆ ಬೆಂಡನ್ನು ಅನಿಲ ಮಾಡುವ ಒಲೆಯಲ್ಲಿ, ಒಂದು ಯೂನಿಟ್ ವಿದ್ಯುತ್ ಹುಟ್ಟುತ್ತದೆ. ಅಂದರೆ ಎಕರೆಗೆ ಹೆಚ್ಚುಕಡಿಮೆ 300 ಯೂನಿಟ್.

ಇದರಲ್ಲಿ ಮಾಯಮಂತ್ರ ಏನೂ ಇಲ್ಲ. ಉಕ್ಕಿನ ಕೊಳವೆಯಂಥ ಒಲೆಯಲ್ಲಿ ಗಾಳಿ ಸಾಲದಂತೆ ಉರಿಸಿದಾಗ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಬೆರೆತ ಅನಿಲ ಬರುತ್ತದೆ. ಅದನ್ನು ತಣಿಸಿ, ಅದರಲ್ಲಿನ ಟಾರು ಎಂಬ ಅಂಟು ಜಿಡ್ಡನ್ನು ಸೋಸಿ ಎಂಜಿನ್‌ಗೆ ಕೊಡುತ್ತಾರೆ. ನಮ್ಮದೇ ಭಾರತೀಯ ವಿಜ್ಞಾನ ಸಂಸ್ಥೆಯವರು ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಿಂದಲೇ ಕಟ್ಟಿಗೆಯಿಂದ ಹೀಗೆ ವಿದ್ಯುತ್ ಮಾಡಿ ಮನೆಗಳಿಗೆ ದೀಪ, ಊರಿಗೆ ಕುಡಿಯುವ ನೀರು, ಹಿಟ್ಟಿನ ಗಿರಣಿ ನಡೆಸಿ ತೋರಿಸಿದ್ದರು. ಆ ಅನುಭವ ನಮ್ಮ ರಾಜ್ಯದಲ್ಲೇ ಇದ್ದೂ ನಾವು ಕಣದಲ್ಲಿ ಬೆಂಕಿ ಹಾಕುತ್ತಿದ್ದೇವೆ ಎಂದರೆ ನನಗೆ ಸಂಕಟವಾಗುತ್ತದೆ.

ಮನೆಗೆ 200 ಯೂನಿಟ್‌ವರೆಗೆ ಉಚಿತ, ಪಂಪ್‌ಸೆಟ್‌ಗೂ ಉಚಿತ, ಇನ್ನು ಬೆಂಡಿನ ಕರೆಂಟು ಯಾರಿಗೆ ಬೇಕು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಿಹಾರದಲ್ಲಿ 2007ರಿಂದ ಭತ್ತದ ಹೊಟ್ಟಿನಿಂದ ಹಳ್ಳಿಗಳಿಗೆ ದೀಪ ಕೊಟ್ಟರು, ನಿಜ. ಆದರೆ ಅಲ್ಲಿನ ಊರುಗಳಿಗೆ ಕಂಬವೇ ಬಂದಿರಲಿಲ್ಲ. ಇಲ್ಲಿ ಅದನ್ನೇ ನಕಲು ಮಾಡಿದರೆ ಕೈಸುಟ್ಟುಕೊಳ್ಳುತ್ತೇವೆ. ಹೊಟ್ಟಂತೂ ನಮ್ಮಲ್ಲಿ ಬಿಟ್ಟಿ ಸಿಗುವ ವಸ್ತುವಲ್ಲ. ಮಂಡಕ್ಕಿ ಭಟ್ಟಿ, ಇಟ್ಟಿಗೆ ಗೂಡು, ಅಕ್ಕಿ ಗಿರಣಿಯ ಬಾಯ್ಲರ್ ಎಲ್ಲವೂ ಅದಕ್ಕೇ ಕಾದಿರುತ್ತವೆ.

ನನ್ನ ವಾದ ಬೇರೆ. ಮನೆಯ ದೀಪವನ್ನು ಬಿಡಿ, ಊರಿನ ಬಿಲ್ಲನ್ನು ನೋಡಿ. ಕುಡಿಯುವ ನೀರಿನ ಬೋರು, ಬೀದಿದೀಪ, ಇವುಗಳ ಬಿಲ್ಲು ಪಂಚಾಯಿತಿಯ ತಲೆಯ ಮೇಲೆ ಬೀಳುತ್ತದೆ. ಹಿಟ್ಟಿನ ಗಿರಣಿಯವರಿಗೆ, ಹಾಲು ಶೀತಲೀಕರಣ ಘಟಕಕ್ಕೆ ಯಾವ ಉಚಿತವೂ ಇಲ್ಲ. 20 ಕಿಲೋವಾಟ್‌ನ ಒಂದು ಘಟಕ ದಿನಕ್ಕೆ ಐದು ತಾಸು ಓಡಿದರೆ 100 ಯೂನಿಟ್. ಬೋರು, ಗಿರಣಿಗಳನ್ನು ಒಂದಾದ ಮೇಲೊಂದರಂತೆ ನಡೆಸಲು ಅಷ್ಟು ಸಾಕು. ವರ್ಷದಲ್ಲಿ 300 ದಿನ ಓಡಿಸಲು ನೂರು ಎಕರೆಯ ಬೆಂಡು ಬೇಕು. ಮೆಕ್ಕೆಜೋಳದ ಊರಿಗೆ ಅದು ದೊಡ್ಡ ಮಾತಲ್ಲ.

ಒಂದು ಎಚ್ಚರಿಕೆ. ಜೋಳದ ಸೊಪ್ಪೆಗೆ ಕೈ ಹಾಕಬೇಡಿ. ಅದು ದನದ ಬಾಯಿಗೆ, ಮಿಕ್ಕಿದ್ದು ತಿಪ್ಪೆಗೆ ಹೋಗಿ ಹೊಲಕ್ಕೇ ಮರಳಬೇಕು. ಅಡಿಕೆ ಸಿಪ್ಪೆ ಹಗುರವಾದ ನಾರು, ಒಲೆಯೊಳಗೆ ಸರಾಗವಾಗಿ ಇಳಿಯುವುದಿಲ್ಲ. ಒತ್ತಿ ಇಟ್ಟಿಗೆಯಂತೆ ಮಾಡಿದ ಮೇಲಷ್ಟೇ ಬಳಸಬಹುದು. ಬೆಂಡಾದರೂ ಮಳೆಗೆ ನೆನೆದರೆ ಟಾರು ಹೆಚ್ಚಿ ಎಂಜಿನ್ ಕೆಡುತ್ತದೆ. ಆದ್ದರಿಂದ ಯಂತ್ರ ತರುವ ಮೊದಲು ಒಂದು ತಗಡಿನ ಶೆಡ್ಡು ಎದ್ದು ನಿಲ್ಲಬೇಕು.

ಯಂತ್ರ ನಡೆಸಲು ಹೊರಗಿನ ಗುತ್ತಿಗೆದಾರರಿಗಿಂತ ಊರಿನ ಸ್ತ್ರೀಶಕ್ತಿ ಸಂಘವೇ ಮೇಲು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಸಾಲ, ಉಳಿತಾಯದ ಲೆಕ್ಕ ಅವರಿಗೆ ಹೊಸದಲ್ಲ. ಫಿಲ್ಟರ್ ತೊಳೆಯಲು, ಎಂಜಿನ್ ನೋಡಿಕೊಳ್ಳಲು ಐಟಿಐ ಕಲಿತ ಇಬ್ಬರು ಹುಡುಗರಿಗೆ ಸಂಬಳ ಕೊಟ್ಟು ತರಬೇತಿ ಕೊಡಿ. ಬೆಂಡು ತಂದ ರೈತನಿಗೆ ತೂಕ ಹಾಕಿ, ಅಂದೇ ಹಣ ಕೊಡಿ. ಬಾಕಿ ಇಟ್ಟರೆ ಮುಂದಿನ ಸುಗ್ಗಿಗೆ ಅವನು ಬರುವುದಿಲ್ಲ, ಬರಲೂಬಾರದು.

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಊರಿನ ನೀರಿನ ಬೋರುಗಳ ವಿದ್ಯುತ್ ಬಿಲ್ಲು ವರ್ಷಕ್ಕೆ ಎಷ್ಟು, ಬಾಕಿ ಎಷ್ಟು? ಆ ಎರಡು ಅಂಕಿಗಳನ್ನು ಬರೆದುಕೊಂಡು ಬನ್ನಿ. ಈ ವಿಡಿಯೊದ ಕೆಳಗೆ ಹಾಕಿ, ನಿಮ್ಮ ಊರಿಗೆ ಎಷ್ಟು ಬೆಂಡು ಬೇಕು ಎಂಬ ಲೆಕ್ಕವನ್ನು ಒಟ್ಟಿಗೆ ಕೂತು ಹಾಕೋಣ.