ತಾಟಿನ ಮುಂದ ಯಾರು ಕೂಡ್ತಾರ್ರೀ?

ನಮಸ್ಕಾರ್ರೀ ಎಲ್ಲಾರಿಗೂ. ಊಟದ ರೋಗ ಇದ್ದೋರಿಗೆ ನಮ್ಮ ಕಡೆ ಡೇ ಹಾಸ್ಪಿಟಲ್ ಬೇಕು ಅಂತ ಹೋದ ವಿಡಿಯೋದಾಗ ಹೇಳಿದ್ದೆ. ಅದರ ಕೆಳಗ ಒಬ್ರು ಅಣ್ಣಾರು ಬರದಾರ: "ಊಟ ಒಲ್ಲೆ ಅನ್ನೂ ಹುಡುಗಿಗೆ ದವಾಖಾನಿ ಯಾಕ? ಎರಡು ಬಿಟ್ರ ತಾನ ತಿಂತಾಳ."

ಅಣ್ಣಾರ, ದಪ್ಪ ಆಗ್ತೀನಿ ಅಂತ ಅಂಜಿ ಊಟ ಬಿಡೂ ಈ ರೋಗಕ್ಕ ಅನೊರೆಕ್ಸಿಯಾ ನರ್ವೋಸಾ ಅಂತ ಲಂಡನ್ನಿನ ಡಾಕ್ಟರ್ ವಿಲಿಯಂ ಗಲ್ ಹೆಸರಿಟ್ಟಿದ್ದು 1873ರಾಗ. ರೀಲ್ಸ್ ನೋಡಿ ಬಂದ ಶೋಕಿ ಅಲ್ಲ ಇದು. ಮಾನಸಿಕ ರೋಗದಾಗ ಜೀವಾ ತಗೊಳ್ಳೂದ್ರಾಗ ಮುಂದಿನ ಸಾಲಿನ್ಯಾಗ ಐತಿ. ಇನ್ನ ಬುಲಿಮಿಯಾ ಅಂದ್ರ ಒಮ್ಮೆಲೆ ಭಾಳ ತಿಂದು ಆಮ್ಯಾಲೆ ತಾನ ವಾಂತಿ ಮಾಡ್ಕೊಳ್ಳೂ ರೋಗ; ಅದರಾಗ ವಾಂತಿ ಮಾಡಿ ಮಾಡಿ ರಕ್ತದಾಗಿನ ಪೊಟ್ಯಾಶಿಯಂ ಇಳದು ಎದಿ ಬಡಿತನ ತಪ್ಪಬಹುದು. ಅದಕ್ಕೂ ಎರಡು ಬಿಡ್ತೀರೇನ್ರೀ?

ಡೇ ಹಾಸ್ಪಿಟಲ್ ಅಂದ್ರ ಮುಂಜಾನಿ ಹೋಗೂದು, ಸಂಜಿಕ ಮನಿಗೆ ಬರೂದು. ನಡುವ ಡಾಕ್ಟರು, ಕೌನ್ಸೆಲಿಂಗು, ರಕ್ತದ ಟೆಸ್ಟು ಎಲ್ಲಾ ಇರ್ತಾವ. ಆದ್ರ ಖರೇ ಔಷಧಿ ಊಟಾನ. ರೊಟ್ಟಿ ಚೂರು ಚೂರು ಮಾಡಿ ಪಲ್ಯಾದ ಕೆಳಗ ಮುಚ್ಚೂದು, ತುತ್ತು ಕರ್ಚೀಪಿನ್ಯಾಗ ಸುತ್ತೂದು, ನರ್ಸ್ ಎದುರಿಗಿ ಕುಂತ್ರ ಕಣ್ಣಿಗೆ ಬೀಳತೈತಿ. ಬೈಯೂದಿಲ್ಲ, ಜೋಡಿಲೆ ಉಣ್ತಾರ. ಉಂಡ ಮ್ಯಾಲೆ ಬಚ್ಚಲಕ್ಕ ಓಡಬಾರದಂತ ಸ್ವಲ್ಪ ಹೊತ್ತು ಮಾತಾಡ್ಕೋತ ಅಲ್ಲೇ ಕೂಡಸ್ಕೋತಾರ. ರಾತ್ರಿ ಊಟ ಅವ್ವನ ಮುಂದ. ಹಗಲ ಕಲತದ್ದು ಮನ್ಯಾಗ ನಡೀತೈತೋ ಇಲ್ಲೋ ಮರುದಿನಾನ ಗೊತ್ತಾಗತೈತಿ.

ತಾಟಿನ ಮುಂದ ಕೂಡೋರು ಬೇಕ್ರೀ. ಇಷ್ಟ ನಂದು.

"ಅಡ್ಮಿಟ್ ಮಾಡ್ರಲ್ಲ" ಅಂತೀರಿ. ನಾಡಿ ಕುಸದಿದ್ರ ಮಾಡಬೇಕ, ಯಾರು ಬ್ಯಾಡಂದ್ರು? "ಬೆಂಗಳೂರಿಗೆ ಹೋಗ್ರಿ" ಅಂತೀರಿ. ದಿನಾ ರೈಲು ಹತ್ತಿ ಹೋಗಿ ಮಧ್ಯಾಹ್ನದ ಊಟ ಮಾಡಿ ಬರೂಣೇನು? ಧಾರವಾಡದಾಗ ಡಿಮ್ಹಾನ್ಸ್ ಅಂತ ಸರ್ಕಾರಿ ಮಾನಸಿಕ ದವಾಖಾನಿ ಐತಿ, ಹುಬ್ಬಳ್ಳಿಯಿಂದ ಚಿಗರಿ ಬಸ್ ಐತಿ. ಈ ರೋಗಕ್ಕಂತನ ಒಂದು ಕೋಣಿ ಕೊಡ್ರಿ, ಒಂದು ಟೇಬಲ್ ಹಾಕ್ರಿ, ತಾಟಿನ ಮುಂದ ಕೂಡೋರ್ನ ಕೂಡಸ್ರಿ!

ರೊಕ್ಕ? 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಇನ್ಶೂರೆನ್ಸಿನ್ಯಾಗ ಮೈಯ ರೋಗ, ಮನಸ್ಸಿನ ರೋಗ ಅಂತ ಭೇದ ಮಾಡಂಗಿಲ್ಲ. ಆದ್ರ ಕ್ಲೇಮ್ ಕೇಳಾಕ ಹೋದ್ರ 24 ತಾಸು ಅಡ್ಮಿಟ್ ಆಗಿದ್ರೋ ಇಲ್ಲೋ ಅಂತ ಕೇಳ್ತಾರ. ಹಾಸಿಗ್ಯಾಗ ಮಲಗಿದ್ರ ರೊಕ್ಕ, ಎದ್ದು ಕುಂತು ಉಂಡ್ರ ಇಲ್ಲ! ಭಾರಿ ಲೆಕ್ಕ ಬಿಡ್ರಿ.

"ನಮ್ಮ ಕಾಲದಾಗ ಇವೆಲ್ಲಾ ಇದ್ದಿಲ್ಲ." ಇದ್ದೂ ಕಾಕಾ. ದೇವರು ಬಂದೈತಿ, ಉಪಾಸ ಹಿಡದಾಳ ಅಂತಿದ್ರಿ. ತಾಟಿನ ಮುಂದ ಮಾತ್ರ ಯಾರೂ ಕೂಡಲಿಲ್ಲ!

ಮನ್ಯಾಗ ಯಾರಿಗರ ಹಿಂಗಿದ್ರ 14416ಕ್ಕ ಫೋನ್ ಹಚ್ಚರಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಪುಕ್ಕಟ. ಹಚ್ಚಿದ ಮ್ಯಾಲೆ ನಮ್ಮ ಚಾನೆಲ್ ಸಬ್‌ಸ್ಕ್ರೈಬ್ ಮಾಡ್ರಿ, ಅದೂ ಪುಕ್ಕಟ. ಗಂಟಿ ಒತ್ತರಿ. ಗದಗಿನೋರು ಲೈಕ್ ಭಾಳ ಕಡಿಮಿ ಹಾಕಾಕತ್ತೀರಿ, ನೋಡಾಕತ್ತೀನಿ ನಾ.