ಕೊನೇ ತೂಬಿನಿಂದ ಶುರು ಮಾಡಿ

ನೀವೀಗ ನೋಡ್ತಿರೋದು ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆ. ಕೆಆರ್‌ಎಸ್‌ನಿಂದ ಹೊರಟ ನೀರು ಇಲ್ಲಿ ತುಂಬಿ ಹರೀತಿದೆ. ಮದ್ದೂರು, ಮಳವಳ್ಳಿ ಕಡೆ ನಾಲೆಯ ಕೊನೆ ಭಾಗದಲ್ಲಿ ಇದೇ ನೀರಿಗೆ ರೈತರು ಕಾಯ್ತಿರ್ತಾರೆ. ಅಂತರರಾಷ್ಟ್ರೀಯ ಅಭಿವೃದ್ಧಿ ಸಲಹೆಗಾರರು, ಅಂದ್ರೆ ನೆರವಿನ ಯೋಜನೆಗಳು ಫಲ ಕೊಟ್ವಾ ಅಂತ ಪರಿಶೀಲಿಸೋರು, ಕೆಲಸ ಕಲಿಯೋದು ಇಂಥ ಕೊನೆ ಭಾಗದಲ್ಲೇ.

ಮೊದಲು ಕೈಗೆ ಬರೋದು ಟಿಓಆರ್ (ಟರ್ಮ್ಸ್ ಆಫ್ ರೆಫರೆನ್ಸ್), ಅಂದ್ರೆ ಕೆಲಸದ ವಿವರಪಟ್ಟಿ: ಯಾವ ಪ್ರಶ್ನೆಗೆ ಉತ್ತರ ಬೇಕು, ಎಷ್ಟು ದಿನ, ಯಾವ ವರದಿ ಯಾವಾಗ. ದುಡ್ಡೂ ಸಾಮಾನ್ಯವಾಗಿ ಕಂತಿನಲ್ಲಿ, ಆರಂಭಿಕ ವರದಿಗೆ, ಕರಡಿಗೆ, ಅಂತಿಮ ವರದಿಗೆ. ಕರಾರಿನ ಮೇಲೆ ದುಡಿಯೋರಿಗೆ ತಿಂಗಳ ಸಂಬಳ ಇರಲ್ಲ, ಆರು ತಿಂಗಳ ಮನೆ ಖರ್ಚು ಕೈಲಿಟ್ಟುಕೊಂಡೇ ಇಳೀಬೇಕು.

ಯೋಜನೆಗಳನ್ನ ಅಳೆಯೋಕೆ, ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ನೆರವು ಸಮಿತಿ 1991ರಲ್ಲಿ ಐದು ಮಾನದಂಡ ಕೊಟ್ಟಿತು, 2019ರಲ್ಲಿ ಆರನೇದು ಸೇರಿತು. ಅಳೆಯುವಾಗ ಎರಡನ್ನ ಬೇರೆ ಮಾಡಿ ನೋಡಬೇಕು. ನಾಲೆಗೆ ಎಷ್ಟು ಕಿಲೋಮೀಟರ್ ಕಾಂಕ್ರೀಟ್ ಹಾಕಿದ್ರು ಅನ್ನೋದು ಔಟ್‌ಪುಟ್. ಕೊನೇ ಗದ್ದೆಗೆ ನೀರು ಸರದಿ ತಪ್ಪದೆ ಬಂತಾ ಅನ್ನೋದು ಔಟ್‌ಕಮ್. ಮೊದಲನೇದು ಕಡತದಲ್ಲೇ ಸಿಗುತ್ತೆ, ಎರಡನೇದಕ್ಕೆ ಕಾಲು ಸವೆಸಬೇಕು.

ಎಡವೋದು ಪ್ರಶ್ನಾವಳಿಯಲ್ಲಿ. ಹೌಸ್‌ಹೋಲ್ಡ್ ಅನ್ನೋದನ್ನ ‘ಮನೆ’ ಅಂತ ಬರೆದುಬಿಡ್ತಾರೆ. ಒಂದೇ ಸೂರಿನಡಿ ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿದ್ರೆ? ಲೆಕ್ಕಕ್ಕೆ ಅದು ಎರಡು ಕುಟುಂಬ. ಒಲೆ ಎಷ್ಟು ಅಂತಲೇ ಕೇಳಿ. ಜಮೀನಿಗೂ ಹಾಗೇ. ಒಂದು ಎಕರೆ ಇಪ್ಪತ್ತು ಗುಂಟೆಯನ್ನ 1.20 ಎಕರೆ ಅಂತ ಕಂಪ್ಯೂಟರಿಗೆ ಹಾಕಿದ್ರೆ 12 ಗುಂಟೆ ಮಾಯ! 40 ಗುಂಟೆಗೆ ಒಂದು ಎಕರೆ, ಹಾಗಾಗಿ ಅದು 1.5. ಆಮೇಲೆ ಹೆಕ್ಟೇರಿಗೆ ತರೋಕೆ 2.47ರಿಂದ ಭಾಗಿಸಿ.

ನಾಟಿ ಕಾಲದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದ್ರೆ ಹೆಂಗಸರೆಲ್ಲ ಗದ್ದೇಲಿರ್ತಾರೆ. ಪಂಚಾಯ್ತಿ ಕಟ್ಟಡದಲ್ಲಿ ಮೆಂಬರ್ ಎದುರಿಗೆ ಕೂರಿಸಿದ್ರಂತೂ, "ಎಲ್ಲಾ ಚೆನ್ನಾಗೈತೆ ಸಾರ್" ಅಂದು ಎದ್ದು ಹೋಗ್ತಾರೆ. ಎಂಟು ಹತ್ತು ಜನರ ಗುಂಪು ಸಾಕು. ಹೆಂಗಸರ ಜೊತೆ ಬೇರೆಯಾಗಿ, ಸಂಜೆ ಮೇಲೆ ಮಾತಾಡಿ. ಮಾರನೇ ದಿನ ನೀರುಗಂಟಿ (ಗದ್ದೆಗಳಿಗೆ ನೀರು ಬಿಡೋ ಕೆಲಸದವರು) ಜೊತೆ ನಾಲೆ ಏರಿ ಮೇಲೆ, ಕೊನೇ ತೂಬಿನಿಂದ ಹಿಂದಕ್ಕೆ ನಡೀರಿ. ನೀರು ಎಲ್ಲಿ ತಪ್ಪಿಹೋಗ್ತಿದೆ ಅನ್ನೋದು ಕಣ್ಣಿಗೇ ಬೀಳುತ್ತೆ.

ಇನ್ನು ನಾಯಕತ್ವ. ತಂಡದ ಮುಖ್ಯಸ್ಥರಿಗೆ ಇಲ್ಲಿ ಯಾರ ಮೇಲೂ ಅಧಿಕಾರ ಇಲ್ಲ. ಎಂಜಿನಿಯರ್‌ಗೂ ಹುಕುಂ ಮಾಡಂಗಿಲ್ಲ, ರೈತರಿಗೂ ಮಾಡಂಗಿಲ್ಲ. ಅದಕ್ಕೇ ಕಂಡದ್ದನ್ನ ಮೊದಲು ಊರಲ್ಲೇ ಓದಿ ಹೇಳಿ, ತಪ್ಪಿದ್ರೆ ಅಲ್ಲೇ ತಿದ್ದುತಾರೆ. ಅಂತಿಮ ಸಭೆಗೆ ಮುಂಚೆ ಜಿಲ್ಲೆಯ ಅಧಿಕಾರಿಗಳಿಗೂ ಕರಡು ತೋರಿಸಿ. ಎಲ್ಲರೆದುರು ಮೊದಲ ಸಲ ಕೇಳಿದ ದೂರನ್ನ ಯಾರೂ ಒಪ್ಪಲ್ಲ.

ಯೋಜನೆ ಮುಗಿದು ತಂಡ ಹೊರಟುಹೋಗುತ್ತೆ, ತೂಬು ಇಲ್ಲೇ ಇರುತ್ತೆ. ಅದರ ರಿಪೇರಿ ಯಾರ ಖರ್ಚಲ್ಲಿ? ನೀರು ಬಳಕೆದಾರರ ಸಂಘದ ಪಾಸ್‌ಬುಕ್ ಮೊದಲ ವಾರವೇ ಕೇಳಿ ನೋಡಿ.